ಓಝೋನ್ ಚಿಕಿತ್ಸೆ: ವೈರಾಣು ಶ್ವಾಸರೋಗಗಳಲ್ಲಿ ಪೂರಕ ಪ್ರಯೋಗದ ಪೂರ್ವಾಪರ

ಓಝೋನ್ ಎಂದೊಡನೆ ಬಹುಮಂದಿಗೆ ನೆನಪಾಗುವುದು ಶಾಲೆಯಲ್ಲಿ ಓದಿದ ಭೂಮಿಯ ರಕ್ಷಾಕವಚ. ವಾಯುಮಂಡಲದ ಮೇಲ್ಪದರದಲ್ಲಿ ನಿಂತು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಈ ಅನಿಲವೇ ನೆಲಮಟ್ಟಕ್ಕೆ ಬಂದಾಗ ಮಾಲಿನ್ಯಕಾರಕವೆನಿಸುತ್ತದೆ. ನೀರು ಶುದ್ಧೀಕರಣ ಘಟಕದಲ್ಲಿ ಕ್ರಿಮಿನಾಶಕವಾಗುತ್ತದೆ. ಕೆಲವು ಚಿಕಿತ್ಸಾಲಯಗಳಲ್ಲಿ ಔಷಧಿಯ ಸ್ಥಾನವನ್ನೇ ಪಡೆಯುತ್ತದೆ. 2020ರಲ್ಲಿ ಕೋವಿಡ್-19 ಜಗತ್ತನ್ನು ಆವರಿಸಿದಾಗ ಈ ಕೊನೆಯ ಮುಖಕ್ಕೆ ಹಠಾತ್ತನೆ ಬೇಡಿಕೆ ಬಂದಿತು. ಇಟಲಿ, ಸ್ಪೇನ್ ಮತ್ತು ಭಾರತದಲ್ಲಿ ರೋಗಿಗಳ ಮೇಲೆ ಪ್ರಯೋಗಗಳು ನಡೆದವು. ಅಮೆರಿಕದಲ್ಲಿ ಅದೇ ಚಿಕಿತ್ಸೆಯ ಪ್ರಚಾರಕ್ಕೆ ನ್ಯಾಯಾಲಯ ತಡೆ ನೀಡಿತು. ಮಾಮೂಲು ಚಿಕಿತ್ಸೆಯ ಜೊತೆಗೆ ‘ಪೂರಕ’ವಾಗಿ ಓಝೋನ್ ನೀಡಿದರೆ ವೈರಾಣುವಿನಿಂದ ಬರುವ ನ್ಯುಮೋನಿಯಾದಲ್ಲಿ ಪ್ರಯೋಜನವುಂಟೇ? ಇದುವರೆಗೆ ದೊರೆತಿರುವ ಆಧಾರಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅನಿಲದ ಪರಿಚಯ

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ ಓಝೋನಿನ ಅಣುವಿನಲ್ಲಿ ಮೂರು. ಈ ಮೂವರ ಕೂಟ ಬಹುಕಾಲ ನಿಲ್ಲುವಂಥದ್ದಲ್ಲ. ಎದುರಿಗೆ ಸಿಕ್ಕ ವಸ್ತುವನ್ನು ಉತ್ಕರ್ಷಿಸಿ, ತಾನು ಮತ್ತೆ ಸಾದಾ ಆಮ್ಲಜನಕವಾಗುವುದೇ ಅದರ ಸ್ವಭಾವ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಕ್ರಿಸ್ಟಿಯಾನ್ ಫ್ರೀಡ್ರಿಕ್ ಶೋನ್‌ಬೈನ್ 1840ರಲ್ಲಿ ಇದಕ್ಕೆ ಹೆಸರಿಟ್ಟನು. ನೀರಿನ ಮೂಲಕ ವಿದ್ಯುತ್ ಹಾಯಿಸುವಾಗ ಮೂಗಿಗೆ ತಾಗಿದ ವಿಚಿತ್ರ ಘಾಟೇ ಶೋಧನೆಗೆ ಕಾರಣ. ಗ್ರೀಕ್ ಭಾಷೆಯಲ್ಲಿ ‘ವಾಸನೆ ಬೀರು’ ಎಂಬ ಅರ್ಥದ ಪದದಿಂದ ಓಝೋನ್ ಎಂಬ ಹೆಸರು ಬಂದಿತು. ಸಿಡಿಲು ಬಡಿದ ಬಳಿಕ, ಇಲ್ಲವೇ ಹಳೆಯ ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ನಿಂತಾಗ ಬರುವ ಘಾಟು ಇದೇ.

1857ರಲ್ಲಿ ಜರ್ಮನಿಯ ವೆರ್ನರ್ ಫಾನ್ ಸೀಮೆನ್ಸ್ ವಿದ್ಯುತ್ ವಿಸರ್ಜನೆಯಿಂದ ಓಝೋನ್ ತಯಾರಿಸುವ ಕೊಳವೆಯನ್ನು ರೂಪಿಸಿದನು. ಇಂದಿನ ಯಂತ್ರಗಳ ಮೂಲತತ್ತ್ವವೂ ಅದೇ. 1906ರಲ್ಲಿ ಫ್ರಾನ್ಸಿನ ನೀಸ್ ನಗರ ಕುಡಿಯುವ ನೀರಿಗೆ ಓಝೋನ್ ಬಳಸತೊಡಗಿತು. ನೀರಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ವೈರಾಣುಗಳನ್ನು ಓಝೋನ್ ಕೊಲ್ಲುತ್ತದೆ ಎಂಬುದರಲ್ಲಿ ಅಂದಿನಿಂದ ಇಂದಿನವರೆಗೆ ಯಾರಿಗೂ ಸಂಶಯವಿಲ್ಲ. ನೀರಿನ ತೊಟ್ಟಿಗೆ ಸಲ್ಲುವ ಮಾತು ಮನುಷ್ಯನ ಮೈಗೂ ಸಲ್ಲುತ್ತದೆಯೇ ಎಂಬಲ್ಲಿಯೇ ವಿವಾದ ಆರಂಭವಾಗುವುದು.

ವೈದ್ಯಕೀಯಕ್ಕೆ ಬಂದ ಬಗೆ

ಮೊದಲನೆಯ ಮಹಾಯುದ್ಧದ ವೇಳೆ ಕೊಳೆತ ಗಾಯಗಳಿಗೆ ಓಝೋನ್ ಹಾಯಿಸಿ ನೋಡಲಾಯಿತು. ಬ್ರಿಟಿಷ್ ಸೇನಾ ಆಸ್ಪತ್ರೆಯಲ್ಲಿ ಈ ಪ್ರಯೋಗ ನಡೆಸಿ 1916ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದವನು ಜಾರ್ಜ್ ಸ್ಟೋಕರ್. ಈತ ‘ಡ್ರಾಕುಲಾ’ ಕಾದಂಬರಿಕಾರ ಬ್ರಾಮ್ ಸ್ಟೋಕರನ ಸಹೋದರ. ರಕ್ತದ ಮೂಲಕ ನಡೆಯುವ ಚಿಕಿತ್ಸೆಗೂ ಈ ಮನೆತನಕ್ಕೂ ನಂಟು ಕಲ್ಪಿಸಲು ಯಾರಿಗಾದರೂ ಮನಸ್ಸಾದೀತು. ಆದರೆ ಆತನ ಕೆಲಸ ಗಾಯಗಳಿಗಷ್ಟೇ ಸೀಮಿತವಾಗಿತ್ತು. ರಕ್ತವನ್ನು ಹೊರತೆಗೆದು, ಓಝೋನ್ ಬೆರೆಸಿ, ಮರಳಿ ದೇಹಕ್ಕೆ ಸೇರಿಸುವ ವಿಧಾನ ಬೆಳೆದದ್ದು ಎರಡನೆಯ ಮಹಾಯುದ್ಧದ ಅನಂತರ, ಜರ್ಮನಿಯಲ್ಲಿ. ಮುಂದೆ ಇಟಲಿ, ರಷ್ಯಾ, ಸ್ಪೇನ್ ಮತ್ತು ಕ್ಯೂಬಾಗಳಲ್ಲಿ ಇದಕ್ಕೆ ಅನುಯಾಯಿಗಳು ಹುಟ್ಟಿಕೊಂಡರು. ಇಟಲಿಯ ಸಿಯೆನಾ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವೆಲಿಯೊ ಬೊಚ್ಚಿ ಈ ವಿಷಯದಲ್ಲಿ ದಶಕಗಳ ಕಾಲ ಪ್ರಯೋಗಾಲಯ ಸಂಶೋಧನೆ ನಡೆಸಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಪ್ರತಿಪಾದಕರು ಪ್ರಮಾಣ ಮತ್ತು ವಿಧಾನಗಳ ಕುರಿತು ಒಂದು ಘೋಷಣೆಯನ್ನೂ ಹೊರಡಿಸಿದರು.

ವಿಧಾನ

ಓಝೋನನ್ನು ಸಿಲಿಂಡರಿನಲ್ಲಿ ತುಂಬಿ ಇಡಲಾಗದು. ಸಾಧಾರಣ ಉಷ್ಣತೆಯಲ್ಲಿ ಮುಕ್ಕಾಲು ಗಂಟೆಯೊಳಗೇ ಅದರ ಅರ್ಧಭಾಗ ಕರಗಿ ಆಮ್ಲಜನಕವಾಗಿಬಿಡುತ್ತದೆ. ಆದುದರಿಂದ ಶುದ್ಧ ವೈದ್ಯಕೀಯ ಆಮ್ಲಜನಕವನ್ನು ಯಂತ್ರದ ಮೂಲಕ ಹಾಯಿಸಿ ಆಗಿಂದಾಗ್ಗೆ ತಯಾರಿಸಿಕೊಳ್ಳಬೇಕು. ಹೊರಬರುವ ಮಿಶ್ರಣದಲ್ಲಿ ಶೇ. 95ಕ್ಕಿಂತ ಹೆಚ್ಚು ಭಾಗ ಆಮ್ಲಜನಕ. ಓಝೋನಿನ ಪಾಲು ಶೇ. 1ರಿಂದ 5 ಮಾತ್ರ.

ಶ್ವಾಸರೋಗಗಳಲ್ಲಿ ಹೆಚ್ಚಾಗಿ ಪ್ರಯೋಗಿಸಿರುವುದು ‘ದೊಡ್ಡ ಸ್ವರಕ್ತ ಚಿಕಿತ್ಸೆ’ ಎಂಬ ವಿಧಾನವನ್ನು. ರೋಗಿಯ ತೋಳಿನಿಂದ 100ರಿಂದ 200 ಮಿಲಿಲೀಟರ್ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ದ್ರಾವಣವಿರುವ ಚೀಲ ಅಥವಾ ಸೀಸೆಗೆ ತೆಗೆದುಕೊಂಡು, ಅಷ್ಟೇ ಗಾತ್ರದ ಅನಿಲ ಮಿಶ್ರಣವನ್ನು ಬೆರೆಸಿ, ಕೆಲವು ನಿಮಿಷ ಮೆಲ್ಲಗೆ ಅಲುಗಿಸಿ, ಡ್ರಿಪ್ ಮೂಲಕ ಅದೇ ರಕ್ತನಾಳಕ್ಕೆ ಮರಳಿಸುತ್ತಾರೆ. ‘ಚಿಕ್ಕ’ ವಿಧಾನದಲ್ಲಿ ಕೆಲವೇ ಮಿಲಿಲೀಟರ್ ರಕ್ತಕ್ಕೆ ಓಝೋನ್ ಬೆರೆಸಿ ಮಾಂಸಖಂಡಕ್ಕೆ ಚುಚ್ಚಲಾಗುತ್ತದೆ. ಗುದದ್ವಾರದ ಮೂಲಕ ಅನಿಲವನ್ನು ಕರುಳಿಗೆ ಬಿಡುವುದು ಮೂರನೆಯದು. ಇದಕ್ಕೆ ಸೂಜಿಯಾಗಲಿ ರಕ್ತದ ಚೀಲವಾಗಲಿ ಬೇಡವಾದ್ದರಿಂದ ಖರ್ಚು ಕಡಿಮೆ. ರಷ್ಯಾದಲ್ಲಿ ಓಝೋನ್ ಹಾಯಿಸಿದ ಲವಣಜಲವನ್ನು ಡ್ರಿಪ್ ಹಾಕುವ ಪದ್ಧತಿಯೂ ಇದೆ.

ಎರಡು ವಾದಗಳು

ಪ್ರಚಾರ ಪತ್ರಗಳಲ್ಲಿ ಕಾಣುವ ವಾದ ಸರಳವಾದದ್ದು: ಓಝೋನ್ ವೈರಾಣುಗಳನ್ನು ಕೊಲ್ಲುತ್ತದೆ, ಆದ್ದರಿಂದ ದೇಹದೊಳಗಿನ ವೈರಾಣುವನ್ನೂ ಕೊಲ್ಲುತ್ತದೆ. ಗಂಭೀರ ಸಂಶೋಧಕರು, ಓಝೋನ್ ಪರವಾಗಿರುವವರೇ, ಈ ಮಾತನ್ನು ಆಡುವುದಿಲ್ಲ. ರಕ್ತಕ್ಕೆ ಬೆರೆತ ಓಝೋನ್ ಕ್ಷಣಮಾತ್ರದಲ್ಲಿ ಪ್ಲಾಸ್ಮಾದ ಕೊಬ್ಬಿನಾಮ್ಲಗಳು, ಯೂರಿಕ್ ಆಮ್ಲ, ‘ಸಿ’ ಜೀವಸತ್ವ ಮೊದಲಾದವುಗಳೊಡನೆ ವರ್ತಿಸಿ ಮುಗಿದುಹೋಗುತ್ತದೆ. ಚೀಲದಲ್ಲಿರುವ ರಕ್ತ ದೇಹಕ್ಕೆ ಮರಳುವ ವೇಳೆಗೆ ಅದರಲ್ಲಿ ಓಝೋನ್ ಉಳಿದಿರುವುದಿಲ್ಲ. ಅದು ಶ್ವಾಸಕೋಶದವರೆಗೆ ಪಯಣಿಸಿ ವೈರಾಣುವಿನೊಡನೆ ಕಾದಾಡುವ ಪ್ರಶ್ನೆಯೇ ಏಳದು.

ಬೊಚ್ಚಿ ಮತ್ತಿತರರ ವಾದ ಬೇರೆ. ಓಝೋನ್ ವರ್ತಿಸಿದಾಗ ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಉತ್ಕರ್ಷಿತ ಕೊಬ್ಬಿನ ತುಣುಕುಗಳು ಹುಟ್ಟುತ್ತವೆ. ಇವು ಅಲ್ಪ ಪ್ರಮಾಣದಲ್ಲಿ ದೇಹ ಸೇರಿದಾಗ ಜೀವಕೋಶಗಳು ಅಪಾಯದ ಸುಳಿವು ಪಡೆದು ‘ಎನ್‌ಆರ್‌ಎಫ್-2’ ಎಂಬ ಪ್ರೋಟೀನಿನ ಮೂಲಕ ತಮ್ಮ ಉತ್ಕರ್ಷಣ ವಿರೋಧಿ ಕಿಣ್ವಗಳ ಉತ್ಪಾದನೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಉರಿಯೂತ ತಗ್ಗುತ್ತದೆ ಎಂಬುದು ಅವರ ಅಭಿಪ್ರಾಯ. ವ್ಯಾಯಾಮದ ಆಯಾಸ ದೇಹವನ್ನು ಬಲಪಡಿಸುವಂತೆ ಸಣ್ಣ ಏಟು ದೊಡ್ಡ ಏಟಿಗೆ ಸಿದ್ಧತೆಯಾಗುತ್ತದೆ ಎನ್ನಬಹುದು. ಕೋವಿಡ್‌ನಲ್ಲಿ ಹಲವರು ಸತ್ತದ್ದು ವೈರಾಣುವಿಗಿಂತ ಹೆಚ್ಚಾಗಿ ದೇಹದ ಮಿತಿಮೀರಿದ ಉರಿಯೂತದಿಂದ ಎಂಬುದು ತಿಳಿದಮೇಲೆ ಈ ವಾದಕ್ಕೆ ಬೆಲೆ ಬಂದಿತು. ವಾದ ಅಸಂಬದ್ಧವಲ್ಲ. ಆದರೆ ಉರಿಯೂತದಿಂದ ಈಗಾಗಲೇ ಬಳಲಿರುವ ದೇಹಕ್ಕೆ ಇನ್ನೊಂದು ಏಟು ಪಾಠವಾಗುತ್ತದೆಯೋ ಹೊರೆಯಾಗುತ್ತದೆಯೋ ಎಂಬುದನ್ನು ಪ್ರಯೋಗಾಲಯದ ತರ್ಕ ಹೇಳಲಾರದು. ರೋಗಿಗಳ ಮೇಲಿನ ಪರೀಕ್ಷೆಯೇ ಹೇಳಬೇಕು.

ಇಂಥ ತರ್ಕ ಹಿಂದೊಮ್ಮೆ ಮುಗ್ಗರಿಸಿದ್ದೂ ಉಂಟು. ಎಚ್‌ಐವಿ ಸೋಂಕಿಗೆ ಔಷಧಿಗಳೇ ವಿರಳವಾಗಿದ್ದ ಕಾಲದಲ್ಲಿ, ಪ್ರಯೋಗಾಲಯದ ಸೀಸೆಯಲ್ಲಿ ಓಝೋನ್ ಆ ವೈರಾಣುವನ್ನು ನಿಷ್ಕ್ರಿಯಗೊಳಿಸಿತೆಂಬ ವರದಿ ಬಂದು ಆಸೆ ಹುಟ್ಟಿಸಿತ್ತು. ಕೆನಡಾದ ವೈದ್ಯರು ಓಝೋನ್ ಬೆರೆಸಿದ ರಕ್ತವನ್ನು ರೋಗಿಗಳಿಗೆ ನೀಡಿ ನೋಡಿ 1991ರಲ್ಲಿ ವರದಿ ಪ್ರಕಟಿಸಿದರು. ಸೀಸೆಯಲ್ಲಿ ಕಂಡ ಫಲ ರೋಗಿಯಲ್ಲಿ ಕಾಣಲಿಲ್ಲ.

ಕೋವಿಡ್ ಕಾಲದ ಪರೀಕ್ಷೆಗಳು

ಇಟಲಿಯ ‘ಪ್ರೊಬಿಯೊಝೋವಿಡ್’ ಹೆಸರಿನ ಪರೀಕ್ಷೆಯ ಪ್ರಾಥಮಿಕ ವರದಿ 2021ರಲ್ಲಿ ಬಂದಿತು. ಕೋವಿಡ್ ನ್ಯುಮೋನಿಯಾದ 85 ರೋಗಿಗಳನ್ನು ಪರಿಶೀಲಿಸಿ 28 ಮಂದಿಯನ್ನು ಆರಿಸಿ, ಚೀಟಿ ಎತ್ತಿದ ರೀತಿಯಲ್ಲಿ ತಲಾ 14ರ ಎರಡು ಗುಂಪು ಮಾಡಲಾಯಿತು. ಎಲ್ಲರಿಗೂ ಆಗ ಲಭ್ಯವಿದ್ದ ಉತ್ತಮ ಚಿಕಿತ್ಸೆ. ಒಂದು ಗುಂಪಿಗೆ ಅದರ ಜೊತೆ ಏಳು ದಿನ, ದಿನಕ್ಕೆರಡು ಬಾರಿ ಓಝೋನ್ ಸ್ವರಕ್ತ ಚಿಕಿತ್ಸೆ. ಎರಡೂ ಗುಂಪುಗಳಲ್ಲಿ ತಲಾ ಒಬ್ಬ ರೋಗಿಗೆ ಗಂಟಲಿಗೆ ಕೊಳವೆ ಹಾಕಬೇಕಾಯಿತು. ಮೂವತ್ತು ದಿನಗಳ ಮರಣ ಪ್ರಮಾಣ ಓಝೋನ್ ಗುಂಪಿನಲ್ಲಿ ಶೇ. 8.3, ಇನ್ನೊಂದರಲ್ಲಿ ಶೇ. 10. ಶೇಕಡಾವಾರು ನೋಡಿದವರಿಗೆ ಓಝೋನ್ ಮುಂದಿದ್ದಂತೆ ತೋರಬಹುದು. ಹದಿನಾಲ್ಕು ಜನರ ಗುಂಪಿನಲ್ಲಿ ಒಬ್ಬನೆಂದರೇ ಶೇ. 7 ಎಂಬುದನ್ನು ಮರೆಯಬಾರದು. ಈ ಅಂತರಕ್ಕೆ ಅರ್ಥವಿಲ್ಲ.

ಸ್ಪೇನ್‌ಗೆ ಸೇರಿದ ಇಬಿಜಾ ದ್ವೀಪದ ಆಸ್ಪತ್ರೆಯೊಂದರಿಂದ ಹೆಚ್ಚು ಉತ್ಸಾಹದ ವರದಿ ಬಂದಿತು. ಅಲ್ಲಿ 18 ರೋಗಿಗಳಲ್ಲಿ ಒಂಬತ್ತು ಮಂದಿಗೆ ದಿನಕ್ಕೆರಡು ಬಾರಿ ನಾಲ್ಕು ದಿನ ಚಿಕಿತ್ಸೆ ನೀಡಲಾಯಿತು. ಓಝೋನ್ ಪಡೆದವರು ಚೇತರಿಕೆ ತೋರಲು ಬೇಕಾದ ಮಧ್ಯಂಕ ಅವಧಿ 7 ದಿನ. ಉಳಿದ ಒಂಬತ್ತು ಮಂದಿಗೆ 28 ದಿನ. ಗಮನ ಸೆಳೆಯುವ ಅಂತರವೇ ಸರಿ. ಆದರೆ ಇಲ್ಲಿ ಚೀಟಿ ಎತ್ತುವ ಕ್ರಮವನ್ನು ಅನುಸರಿಸಿರಲಿಲ್ಲ. ಯಾರಿಗೆ ಹೊಸ ಚಿಕಿತ್ಸೆ, ಯಾರಿಗೆ ಇಲ್ಲ ಎಂಬುದು ಅದೃಷ್ಟಕ್ಕೆ ಬಿಟ್ಟ ಸಂಗತಿಯಾಗದಿದ್ದಾಗ, ಮೊದಲೇ ಗುಣವಾಗುವ ಸಂಭವ ಹೆಚ್ಚಿದ್ದವರು ಒಂದೇ ಕಡೆ ಸೇರಿಬಿಡುವುದುಂಟು. ವೈದ್ಯರ ಪ್ರಾಮಾಣಿಕತೆಯ ಮಾತಲ್ಲ ಇದು, ತಮಗರಿವಿಲ್ಲದೆಯೇ ಹೀಗಾಗುತ್ತದೆ.

ಭಾರತದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಸೌಮ್ಯ ಮತ್ತು ಮಧ್ಯಮ ಲಕ್ಷಣಗಳ 60 ರೋಗಿಗಳಿದ್ದರು. ಅರ್ಧದಷ್ಟು ಮಂದಿಗೆ ಗುದದ್ವಾರದ ಮೂಲಕ ಓಝೋನ್ ಮತ್ತು ಚಿಕ್ಕ ಸ್ವರಕ್ತ ಚಿಕಿತ್ಸೆ ನೀಡಲಾಯಿತು. ಫಲಿತಾಂಶ ಓಝೋನ್ ಪರವಾಗಿದ್ದು 2021ರಲ್ಲಿ ಪ್ರಕಟವಾಯಿತು. ಇದರ ಮಿತಿ ಇನ್ನೊಂದು ಬಗೆಯದು. ಸೌಮ್ಯ ಲಕ್ಷಣದ ಕೋವಿಡ್ ರೋಗಿಗಳಲ್ಲಿ ಬಹುಪಾಲು ಮಂದಿ ಏನೂ ಮಾಡದಿದ್ದರೂ ಗುಣವಾಗುತ್ತಾರೆ. ಮೂವತ್ತು ಜನರ ಗುಂಪಿನಲ್ಲಿ ಔಷಧಿಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಯಾರಿಗೆ ಏನು ನೀಡಲಾಗುತ್ತಿದೆ ಎಂಬುದೂ ಮುಚ್ಚಿಟ್ಟ ವಿಷಯವಾಗಿರಲಿಲ್ಲ.

ಸಂಖ್ಯೆಯ ಮಹತ್ವವನ್ನು ಅರಿಯಲು ಅದೇ ಕಾಲದ ಎರಡು ನಿದರ್ಶನಗಳು ಸಾಕು. ಕೋವಿಡ್‌ನಿಂದ ಗುಣಮುಖರಾದವರ ಪ್ಲಾಸ್ಮಾ ನೀಡುವ ಚಿಕಿತ್ಸೆಗೆ 2020ರಲ್ಲಿ ನಮ್ಮ ದೇಶದಲ್ಲಿ ಎಂತಹ ಬೇಡಿಕೆ ಇತ್ತೆಂಬುದು ಓದುಗರಿಗೆ ನೆನಪಿರಬಹುದು. ದಾನಿಗಳಿಗಾಗಿ ಬಂಧುಗಳು ಊರೂರು ಅಲೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ನಡೆಸಿದ ‘ಪ್ಲಾಸಿಡ್’ ಪರೀಕ್ಷೆಯಲ್ಲಿ, ಪ್ಲಾಸ್ಮಾದಿಂದ ರೋಗ ಉಲ್ಬಣಿಸುವುದಾಗಲಿ ಸಾವಾಗಲಿ ತಗ್ಗಲಿಲ್ಲವೆಂದು ಸಾಬೀತಾಯಿತು. 2021ರ ಮೇ ತಿಂಗಳಲ್ಲಿ ಅದನ್ನು ರಾಷ್ಟ್ರೀಯ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಇದಕ್ಕೆ ವಿರುದ್ಧವಾದ ಕಥೆ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡಿನದು. ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯಲ್ಲಿ 2,104 ರೋಗಿಗಳಿಗೆ ಅದನ್ನು ನೀಡಿ, ನೀಡದ 4,321 ರೋಗಿಗಳೊಡನೆ ಹೋಲಿಸಲಾಯಿತು. ವೆಂಟಿಲೇಟರ್ ಮೇಲಿದ್ದವರ ಮರಣ ಪ್ರಮಾಣ ಶೇ. 41.4ರಿಂದ 29.3ಕ್ಕೆ ಇಳಿದಿತ್ತು. ಆಮ್ಲಜನಕದ ಅಗತ್ಯವೇ ಇಲ್ಲದ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂಬುದೂ ಅದೇ ಪರೀಕ್ಷೆಯಿಂದ ತಿಳಿಯಿತು. ಓಝೋನಿಗೆ ಇಂತಹ ಪರೀಕ್ಷೆಯ ಬಲ ಒದಗಿಲ್ಲ. ಕೋವಿಡ್ ಕುರಿತು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಾಗಲಿ, ಭಾರತದ ರಾಷ್ಟ್ರೀಯ ಮಾರ್ಗಸೂಚಿಯಲ್ಲಾಗಲಿ ಓಝೋನ್ ಸ್ಥಾನ ಪಡೆಯಲಿಲ್ಲ.

ನ್ಯಾಯಾಲಯದ ಮೆಟ್ಟಿಲೇರಿದ ಪ್ರಸಂಗ

2021ರ ಆಗಸ್ಟ್‌ನಲ್ಲಿ ಸ್ಪೇನ್‌ನ ವಿಲಾ-ರಿಯಲ್ ಪಟ್ಟಣದಲ್ಲಿ ನಡೆದ ಘಟನೆ ಈ ವಿವಾದದ ಮರ್ಮವನ್ನೇ ಹೊರಗೆಡಹಿತು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದ ಕೋವಿಡ್ ರೋಗಿಯೊಬ್ಬರಿಗೆ ಓಝೋನ್ ನೀಡಬೇಕೆಂದು ಕುಟುಂಬದವರು ಕೋರಿದರು, ಆಸ್ಪತ್ರೆ ಒಪ್ಪಲಿಲ್ಲ. ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಬೇರೆ ಮಾರ್ಗ ಉಳಿದಿಲ್ಲವೆಂಬ ವಾದವನ್ನು ಮನ್ನಿಸಿದ ನ್ಯಾಯಾಲಯ ಚಿಕಿತ್ಸೆಗೆ ಅನುಮತಿ ನೀಡಿತು. ವೈದ್ಯರ ಸಂಘಟನೆಗಳು ತೀವ್ರವಾಗಿ ಪ್ರತಿಭಟಿಸಿದವು: ಸಾಬೀತಾಗದ ಚಿಕಿತ್ಸೆಯನ್ನು ವೈದ್ಯನ ವಿವೇಚನೆಗೆ ವಿರುದ್ಧವಾಗಿ ನ್ಯಾಯಾಧೀಶರು ಬರೆದುಕೊಡಬಹುದೇ ಎಂಬುದು ಅವರ ಪ್ರಶ್ನೆ. ರೋಗಿ ಚೇತರಿಸಿಕೊಂಡದ್ದನ್ನು ಓಝೋನ್ ಪರವಾದಿಗಳು ಸಾಕ್ಷ್ಯವೆಂದು ಮುಂದಿಟ್ಟರು. ತೀವ್ರ ನಿಗಾ ಘಟಕದಿಂದ ಓಝೋನ್ ಇಲ್ಲದೆಯೂ ಅಸಂಖ್ಯ ಮಂದಿ ಗುಣವಾಗಿ ಮನೆಗೆ ಮರಳಿದ್ದರಲ್ಲಾ ಎಂಬ ಉತ್ತರಕ್ಕೆ ಅವರಲ್ಲಿ ಮರುತ್ತರವಿರಲಿಲ್ಲ. ಅದೇನೇ ಇರಲಿ, ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಅಂಕಿ ಅಂಶದ ಮಾತು ರುಚಿಸದು. ಆ ಕುಟುಂಬವನ್ನು ದೂಷಿಸುವುದು ಸುಲಭವಲ್ಲ.

ಅಮೆರಿಕದ ನಿಲುವು ಕಠಿಣವಾದದ್ದು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ನಿಯಮವು ಓಝೋನನ್ನು ವಿಷಾನಿಲವೆಂದು ಕರೆದು, ಮುಖ್ಯ, ಪೂರಕ ಅಥವಾ ಮುಂಜಾಗ್ರತಾ ಚಿಕಿತ್ಸೆಯಾಗಿ ಅದರ ಯಾವುದೇ ಉಪಯೋಗ ತಿಳಿದಿಲ್ಲವೆಂದು ಹೇಳುತ್ತದೆ. 2020ರಲ್ಲಿ ಡಲ್ಲಾಸ್ ನಗರದ ಕೇಂದ್ರವೊಂದು ಓಝೋನಿನಿಂದ ಕೋವಿಡ್ ವಾಸಿಯಾಗುವುದೆಂದು ಪ್ರಚಾರ ಮಾಡಿದಾಗ ಸರ್ಕಾರ ಫೆಡರಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು.

ಆಮ್ಲಜನಕವೂ ಓಝೋನೂ ಒಂದಲ್ಲ

ಓಝೋನ್ ನೀಡಿದರೆ ರಕ್ತಕ್ಕೆ ಆಮ್ಲಜನಕ ತುಂಬಿದಂತಾಗುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿದರೆ ಇದರ ಪೊಳ್ಳುತನ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ಬಳಸುತ್ತದೆ. ಸ್ವರಕ್ತ ಚಿಕಿತ್ಸೆಯ ಸೀಸೆಗೆ ತುಂಬುವ ಅನಿಲ ಹೆಚ್ಚೆಂದರೆ 200 ಮಿಲಿಲೀಟರ್. ಅಷ್ಟೂ ರಕ್ತ ಸೇರಿತೆಂದೇ ಭಾವಿಸಿದರೂ ಅದು ಒಂದು ನಿಮಿಷದ ಖರ್ಚಿಗೂ ಸಾಲದು. ನ್ಯುಮೋನಿಯಾ ರೋಗಿಗೆ ಬೇಕಾದದ್ದು ಗಂಟೆಗಟ್ಟಲೆ, ದಿನಗಟ್ಟಲೆ ನಿಲ್ಲದೆ ಹರಿಯುವ ಆಮ್ಲಜನಕ. ಅದು ನಿಂತರೆ ಏನಾಗುತ್ತದೆಂಬುದನ್ನು 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತ ದುರಂತದ ವೇಳೆ ಕರ್ನಾಟಕ ಕಂಡಿದೆ.

ಅಪಾಯಗಳು

ಶ್ವಾಸಕೋಶದ ರೋಗಕ್ಕೆ ಸೂಚಿಸಲಾಗುವ ಈ ಅನಿಲಕ್ಕೆ ಅತ್ಯಂತ ಸುಲಭವಾಗಿ ತುತ್ತಾಗುವ ಅಂಗವೂ ಶ್ವಾಸಕೋಶವೇ. ರಕ್ತದಲ್ಲಿರುವಷ್ಟು ಉತ್ಕರ್ಷಣ ವಿರೋಧಿ ವಸ್ತುಗಳ ರಕ್ಷಣೆ ಶ್ವಾಸನಾಳದ ತೆಳುವಾದ ಒಳಪದರಕ್ಕಿಲ್ಲ. ಭಾರತದ 2009ರ ವಾಯುಗುಣಮಟ್ಟ ಮಾನದಂಡದಂತೆ ಎಂಟು ಗಂಟೆಗಳ ಸರಾಸರಿಯಲ್ಲಿ ಓಝೋನ್ ಪ್ರತಿ ಘನಮೀಟರಿಗೆ 100 ಮೈಕ್ರೊಗ್ರಾಂ ಮೀರಬಾರದು. ಚಿಕಿತ್ಸೆಗೆ ಬಳಸುವ ಮಿಶ್ರಣದಲ್ಲಿ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 40 ಮೈಕ್ರೊಗ್ರಾಂವರೆಗೆ ಇರುತ್ತದೆ. ಎರಡನ್ನೂ ಒಂದೇ ಅಳತೆಗೆ ತಂದರೆ ಸೀಸೆಯ ಅನಿಲ ಹೊರಗಿನ ಗಾಳಿಯ ಮಿತಿಗಿಂತ ನಾಲ್ಕು ಲಕ್ಷ ಪಟ್ಟು ಪ್ರಬಲ! ಯಂತ್ರದಿಂದ ತುಸು ಸೋರಿದರೂ ಆಸ್ತಮಾ ರೋಗಿಗೆ ಕೆಮ್ಮು, ಎದೆಬಿಗಿತ ಬರಬಹುದು. ಓಝೋನನ್ನು ಉಸಿರಾಡಕೂಡದೆಂಬ ವಿಷಯದಲ್ಲಿ ಪರ ವಿರೋಧಿಗಳಿಬ್ಬರೂ ಒಮ್ಮತ ಹೊಂದಿದ್ದಾರೆ. ಹಾಗಿದ್ದೂ ಕೋವಿಡ್ ಕಾಲದಲ್ಲಿ ‘ಕೊಠಡಿ ಶುದ್ಧಿ’ಗೆಂದು ಓಝೋನ್ ಯಂತ್ರಗಳು ಮನೆಗಳಿಗೆ ಬಂದವು. ಖಾಲಿ ಕೊಠಡಿಯಲ್ಲಿ ಅವು ವೈರಾಣುವನ್ನು ನಾಶಮಾಡಬಹುದು. ಜನರಿರುವ ಕೊಠಡಿಯಲ್ಲಿ ಚಾಲೂ ಮಾಡತಕ್ಕ ವಸ್ತುಗಳಲ್ಲ ಅವು.

ಅನಿಲವನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚುವುದು ಇನ್ನೊಂದು ಗಂಡಾಂತರ. ಗುಳ್ಳೆಗಳು ರಕ್ತಸಂಚಾರಕ್ಕೆ ಅಡ್ಡಬಂದು ಸಾವು ಸಂಭವಿಸಿದ ಪ್ರಕರಣಗಳು ಜರ್ಮನಿಯಲ್ಲಿ ನಡೆದ ಬಳಿಕ ಅಲ್ಲಿನ ಓಝೋನ್ ವೈದ್ಯರೇ ಆ ಪದ್ಧತಿಯನ್ನು ಬಹಿಷ್ಕರಿಸಿದರು. 1982ರಲ್ಲಿ ಪ್ರಕಟವಾದ ಜರ್ಮನ್ ಸಮೀಕ್ಷೆಯೊಂದು 3.84 ಲಕ್ಷ ರೋಗಿಗಳಿಗೆ ನೀಡಿದ 55 ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳಲ್ಲಿ ದುಷ್ಪರಿಣಾಮ ಹತ್ತು ಲಕ್ಷಕ್ಕೆ ಏಳರಷ್ಟೇ ಎಂದಿತು. ಓಝೋನ್ ಕೇಂದ್ರಗಳ ಪ್ರಚಾರ ಪತ್ರಗಳಲ್ಲಿ ಈ ಅಂಕಿ ಇಂದಿಗೂ ತಪ್ಪದೆ ಕಾಣಿಸಿಕೊಳ್ಳುತ್ತದೆ. ಪ್ರಶ್ನಾವಳಿಗೆ ಉತ್ತರಿಸಿದವರು ಚಿಕಿತ್ಸೆ ನೀಡಿದ ವೈದ್ಯರೇ ಆಗಿದ್ದರು ಎಂಬ ಸಂಗತಿ ಮಾತ್ರ ಜೊತೆಗೆ ಕಾಣಿಸುವುದಿಲ್ಲ.

ರಕ್ತವನ್ನು ಹೊರತೆಗೆದು ಮರಳಿಸುವ ಯಾವುದೇ ಕ್ರಮದಲ್ಲಿ ಸೂಜಿ, ಚೀಲ, ಕೊಳವೆಗಳು ಒಬ್ಬರಿಗೆ ಒಂದೇ ಬಾರಿ ಬಳಸತಕ್ಕವು. ಈ ಶಿಸ್ತು ತಪ್ಪಿದರೆ ಹೆಪಟೈಟಿಸ್‌ನಂತಹ ಸೋಂಕು ಒಬ್ಬರಿಂದೊಬ್ಬರಿಗೆ ದಾಟುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿರುವವರು, ಪ್ಲೇಟ್‌ಲೆಟ್ ಕಡಿಮೆಯಿರುವವರು, ಹತೋಟಿಗೆ ಬಾರದ ಥೈರಾಯ್ಡ್ ಅತಿಸ್ರಾವವುಳ್ಳವರು ಮತ್ತು ಗರ್ಭಿಣಿಯರಿಗೆ ಈ ಚಿಕಿತ್ಸೆ ಸಲ್ಲದೆಂದು ಪ್ರತಿಪಾದಕರ ಕೈಪಿಡಿಗಳೇ ಎಚ್ಚರಿಸುತ್ತವೆ.

ರೋಗಿಯ ಕಡೆಯವರು ಕೇಳಬೇಕಾದದ್ದು

ವೈರಾಣು ನ್ಯುಮೋನಿಯಾದಲ್ಲಿ ಆಮ್ಲಜನಕ, ಅಗತ್ಯವಿದ್ದಲ್ಲಿ ಸ್ಟೀರಾಯ್ಡ್, ಫ್ಲೂ ಜ್ವರಕ್ಕೆ ಆರಂಭದಲ್ಲೇ ಒಸೆಲ್ಟಾಮಿವಿರ್ ಮೊದಲಾದ ಕ್ರಮಗಳು ವಿಳಂಬವಾಗಬಾರದು. ‘ಪೂರಕ’ ಎಂಬ ಹೆಸರಿನಲ್ಲಿ ಬಂದದ್ದು ಮುಖ್ಯ ಚಿಕಿತ್ಸೆಯ ಸಮಯವನ್ನೋ ಹಣವನ್ನೋ ನುಂಗುತ್ತಿದ್ದರೆ ಅದು ಪೂರಕವಲ್ಲ. ಓಝೋನ್ ನೀಡುತ್ತೇವೆ ಎನ್ನುವವರು ನೋಂದಾಯಿತ ಪರೀಕ್ಷೆಯ ಅಂಗವಾಗಿ ನೀಡುತ್ತಿದ್ದಾರೆಯೇ, ಇಲ್ಲವೇ ಶುಲ್ಕ ಪಡೆದು ನೀಡುತ್ತಿದ್ದಾರೆಯೇ ಎಂದು ಮೊದಲು ಕೇಳಬೇಕು. ಪರೀಕ್ಷೆಯಾಗಿದ್ದರೆ ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಲೇಬೇಕು. ಸೇವಿಸುತ್ತಿರುವ ಎಲ್ಲ ಔಷಧಿಗಳ ವಿವರವನ್ನು ಅವರಿಗೂ, ಓಝೋನ್ ಪಡೆದ ಸಂಗತಿಯನ್ನು ಶ್ವಾಸಕೋಶ ತಜ್ಞರಿಗೂ ಮರೆಯದೆ ತಿಳಿಸಬೇಕು.

ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಉತ್ಕರ್ಷಕ ವಸ್ತುಗಳು ಕೆಂಪು ರಕ್ತಕಣಗಳನ್ನು ಒಡೆದುಬಿಡುತ್ತವೆ; ಈ ಕಾರಣಕ್ಕೆ ಅವರಿಗೆ ಓಝೋನ್ ಪೂರ್ಣ ನಿಷಿದ್ಧ. ಆನುವಂಶಿಕವಾದ ಈ ಕೊರತೆ ಗಂಡಸರಲ್ಲಿ ಹೆಚ್ಚು. ನಮ್ಮ ದೇಶದ ಕೆಲವು ಬುಡಕಟ್ಟುಗಳಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಬಹುತೇಕರಿಗೆ ತಮ್ಮಲ್ಲಿ ಅದಿದೆಯೆಂದೇ ತಿಳಿದಿರುವುದಿಲ್ಲ. ಮಾಮೂಲು ರಕ್ತಪರೀಕ್ಷೆಯ ಪಟ್ಟಿಯಲ್ಲಿ ಇದು ಸೇರಿರುವುದಿಲ್ಲವಾದ್ದರಿಂದ ವೈದ್ಯರಿಂದ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕಾಗುತ್ತದೆ.